ಕೊಳೆಯಲ್ಲ ಅತ್ತೆ, ಬೆಳೆ

ಅತ್ತೆ ಎಂದರೆ ಬೂಷ್ಟಿನ ಹುಟ್ಟುವೈರಿ. ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ಸ್ವಚ್ಛತೆಯ ಮೇಲ್ವಿಚಾರಣೆ ನೋಡಿಕೊಂಡವರು. ಬೆಳಿಗ್ಗೆ ಅವರ ಕಣ್ಣಿಗೆ ಬಿದ್ದ ಬೂಷ್ಟು ಸಂಜೆ ಕಂಡದ್ದಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳೂ ಅವರನ್ನು ಕಂಡರೆ ಕಾಲೊರೆಸಿಕೊಂಡೇ ಒಳಗೆ ಬರುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಆ ಉತ್ಸಾಹವೆಲ್ಲ ಮನೆಯ ಮೇಲೆ ತಿರುಗಿತ್ತು. ನಲ್ಲಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಸೊಸೆ ಎಲೆಕ್ಟ್ರಿಷಿಯನ್. ಮಗ ಬಸ್ಸು ಓಡಿಸಿಕೊಂಡು ವಾರದಲ್ಲಿ ಐದು ದಿನ ಹೊರಗೇ ಇರುತ್ತಿದ್ದುದರಿಂದ ಮನೆಯೆಂದರೆ ಇವರಿಬ್ಬರೇ. ಜಗಳವಿರಲಿಲ್ಲ, ಹಾಗೆಂದು ಹರಟೆಯೂ ಇರಲಿಲ್ಲ.

ಸೊಸೆ ಎರಡು ದಿನದ ವೈರಿಂಗ್ ಕೆಲಸಕ್ಕೆಂದು ಪಕ್ಕದ ಊರಿಗೆ ಹೋದಾಗ, ಅತ್ತೆ ಏಣಿ ತರಲು ಹಿಂದಿನ ಸಾಮಾನು ಕೋಣೆಯ ಬಾಗಿಲು ತೆರೆದರು. ಕಪಾಟಿನಲ್ಲಿ ಆರು ದೊಡ್ಡ ಸ್ಟೀಲ್ ಬೋಗುಣಿಗಳು. ಒಂದೊಂದರಲ್ಲೂ ಒದ್ದೆ ಮರದ ಹೊಟ್ಟು, ಹೊಟ್ಟಿನ ತುಂಬ ಹತ್ತಿಯಂತೆ ಬಿಳಿ ಬೂಷ್ಟು!

"ಇದೇನು ಕರ್ಮ! ಇಷ್ಟು ದಿನ ನನ್ನ ಮೂಗಿನ ಕೆಳಗೇ!" ಎಂದವರೇ ಟೊಂಕ ಕಟ್ಟಿದರು. ಬೋಗುಣಿಗಳನ್ನು ಕುದಿನೀರಿನಲ್ಲಿ ಅದ್ದಿ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದರು. ಬಹಳ ದಿನಗಳ ಮೇಲೆ ಅವರಿಗೆ ಅಂದು ಒಳ್ಳೆಯ ನಿದ್ದೆ ಬಂತು.

ಸೊಸೆ ವಾಪಸು ಬಂದಾಗ ಕೈಹಿಡಿದು ಕರೆದೊಯ್ದು ತೋರಿಸಿದರು. "ನೋಡು, ಹೇಗಿದೆ?"

ಸೊಸೆ ಫಳಫಳಿಸುವ ಬೋಗುಣಿಗಳನ್ನು ನೋಡಿದಳು. ಒಂದೊಂದನ್ನೇ ಎತ್ತಿ ಒಳಗೆ ಇಣುಕಿದಳು.

"ಅತ್ತೆ... ಅದು ಕೊಳೆ ಅಲ್ಲ. ಬೆಳೆ."

ಗ್ರಂಥಾಲಯದವರು ಓದುವ ಕೋಣೆಗೆ ಆರು ಲ್ಯಾಂಪ್‌ಶೇಡ್ ಕೇಳಿದ್ದರಂತೆ. ಪ್ಲಾಸ್ಟಿಕ್ಕಿನವು ಒಡೆದು ಒಡೆದು ಕಸಕ್ಕೆ ಎಸೆದು ಅವರಿಗೆ ಸಾಕಾಗಿತ್ತು. ಮರದ ಹೊಟ್ಟಿಗೆ ಅಣಬೆಯ ಬೀಜ ಬೆರೆಸಿ ಬೋಗುಣಿಯ ಒಳಮೈಗೆ ದಪ್ಪಗೆ ಮೆತ್ತಿದರೆ, ಅಣಬೆಯ ಬಿಳಿ ಎಳೆಗಳು ಹಬ್ಬಿ ಹೊಟ್ಟನ್ನೆಲ್ಲ ಹೆಣೆದುಬಿಡುತ್ತವೆ. ಹನ್ನೆರಡು ದಿನಕ್ಕೆ ಬೋಗುಣಿಯದೇ ಆಕಾರ. ಬ್ರೆಡ್ಡು ಬೇಯಿಸುವ ಓವನ್ನಿನಲ್ಲಿ ಒಣಗಿಸಿದರೆ ಹಗುರವಾದ, ಗಟ್ಟಿಯಾದ ಶೇಡ್. ಹಳತಾದ ಮೇಲೆ ಮುರಿದು ಗಿಡದ ಬುಡಕ್ಕೆ ಹಾಕಿದರೆ ಮಣ್ಣಾಗುತ್ತದೆ.

ಅತ್ತೆಯ ಮುಖ ಸಣ್ಣದಾಯಿತು. "ಹೇಳ್ಬಾರ್ದಿತ್ತೇನೇ ನನಗೆ?"

"ಹೇಳಿದ್ರೆ ಇದನ್ನ ಮನೆ ಒಳಗೆ ಬಿಡ್ತಿದ್ರಾ?"

ಸೊಸೆ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಗಡುವಿಗೆ ಇನ್ನು ಇಪ್ಪತ್ತೆಂಟು ದಿನ ಉಳಿದಿತ್ತು.

ಮತ್ತೆ ಆರಕ್ಕೂ ಮೆತ್ತಿಟ್ಟಳು. ಆರನೆಯ ದಿನ ಅತ್ತೆ ಆ ಕೋಣೆಯ ಮುಂದೆ ಹಾದುಹೋಗುವಾಗ ನಿಂತು ಮೂಗರಳಿಸಿದರು.

"ಏಯ್, ಬಾ ಇಲ್ಲಿ. ಇದರಲ್ಲಿ ಇನ್ನೊಂದು ಯಾವುದೋ ಸೇರ್ಕೊಂಡಿದೆ."

"ಎಲ್ಲಾ ಬೆಳ್ಳಗೇ ಇದೆಯಲ್ಲ ಅತ್ತೆ!"

"ಇರಲಿ. ನಾಳೆ ನೋಡು."

ಮರುದಿನ ನಾಲ್ಕು ಬೋಗುಣಿಗಳಲ್ಲಿ ಹಸಿರು ಚುಕ್ಕೆ ಎದ್ದಿತ್ತು. ಕೆಟ್ಟ ಬೂಷ್ಟು. ಸೊಸೆ ತಲೆಯ ಮೇಲೆ ಕೈಹೊತ್ತು ಕೂತಳು.

"ಅಳೋದು ಆಮೇಲೆ," ಎಂದರು ಅತ್ತೆ. "ಕೈ ತೊಳೆಯೋದು ಹೇಗೆ, ತೋರಿಸು."

ಸೊಸೆ ತೊಳೆದು ತೋರಿಸಿದಳು. ಅತ್ತೆ ಹಣೆ ಚಚ್ಚಿಕೊಂಡರು. "ಇದು ಕೈ ತೊಳೆಯೋದಾ? ನೀರಿಗೆ ಹಾಯ್ ಹೇಳಿ ಬಂದ ಹಾಗಿದೆ!"

ಆರನ್ನೂ ಖಾಲಿ ಮಾಡಿ ಮೊದಲಿನಿಂದ ಶುರುಮಾಡಿದರು. ಅಂದಿನಿಂದ ಸಾಮಾನು ಕೋಣೆ ಆಪರೇಷನ್ ಥಿಯೇಟರ್ ಆಯಿತು. ತಲೆಗೆ ಟೋಪಿ, ಕೈಗೆ ಗ್ಲೌಸು, ಬಾಗಿಲಿಗೆ ಒದ್ದೆ ಪರದೆ. ಹೊಟ್ಟನ್ನು ಅತ್ತೆಯೇ ಮುಂದೆ ನಿಂತು ಹಬೆಯಲ್ಲಿ ಬೇಯಿಸಿದರು. ಬೀಜ ಬೆರೆಸುವಾಗ ಫ್ಯಾನ್ ಹಾಕಕೂಡದು, ಮಾತಾಡಕೂಡದು. ಬಸ್ಸಿನಿಂದಿಳಿದು ಬಂದ ಮಗ ಸ್ನಾನ ಮಾಡದೆ ಇಣುಕಿ ನೋಡಿ ಬೈಸಿಕೊಂಡ. ಬೇರೆ ಎಲ್ಲವನ್ನೂ ಕೊಂದರೆ ಮಾತ್ರ ಇದೊಂದು ಬದುಕುತ್ತದೆ ಎಂಬುದು ಅತ್ತೆಗೆ ಎಷ್ಟು ಬೇಗ ತಿಳಿಯಿತೆಂದರೆ, ಸೊಸೆ ಹೇಳಿಕೊಡುವುದನ್ನು ಬಿಟ್ಟು ಕೇಳಿಸಿಕೊಳ್ಳತೊಡಗಿದಳು. ಕೆಲಸ ಮುಗಿದ ಮೇಲೂ ಇಬ್ಬರೂ ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದರು. ಆಸ್ಪತ್ರೆಯ ಕಥೆಗಳು ಒಂದೊಂದೇ ಹೊರಬಂದವು.

ಹನ್ನೆರಡನೆಯ ದಿನ ಬೋಗುಣಿ ಬೋರಲು ಹಾಕಿ ತಟ್ಟಿದಾಗ ಆರೂ ಕೆನೆಬಣ್ಣದಲ್ಲಿ ಮೆತ್ತಗೆ ಕಳಚಿ ಬಂದವು. ಅತ್ತೆ ಒಂದರ ಬೆನ್ನು ಸವರಿದರು. ಸೊಸೆ ಓವನ್ ಹಾಕಿದಾಗ ಅವರು ಅದನ್ನು ಕೊಡಲೇ ಇಲ್ಲ.

"ಒಳಗಿಟ್ರೆ ಸತ್ತು ಹೋಗತ್ತಲ್ವೇನೇ?"

"ಒಣಗಿಸದಿದ್ರೆ ಓದೋರ ತಲೆ ಮೇಲೆ ಅಣಬೆ ಏಳತ್ತೆ, ಅತ್ತೆ."

ಅತ್ತೆ ತಾವೇ ಜೋಪಾನವಾಗಿ ಒಳಗಿಟ್ಟು, ಬಾಗಿಲು ಮುಚ್ಚಿ, ಆಚೆ ತಿರುಗಿ ನಿಂತರು.

ಗ್ರಂಥಾಲಯದಲ್ಲಿ ಸೊಸೆ ಏಣಿ ಹತ್ತಿ ಆರನ್ನೂ ತೂಗುಹಾಕಿ ಸ್ವಿಚ್ ಒತ್ತಿದಳು. ಮೇಜುಗಳ ಮೇಲೆ ಕಣ್ಣು ಕುಕ್ಕದ, ಬೆಚ್ಚನೆಯ ಬೆಳಕು ಹರಡಿತು. ಮೂಲೆಯಲ್ಲಿ ಓದುತ್ತಿದ್ದ ಮುದುಕರೊಬ್ಬರು ಕುರ್ಚಿ ಎಳೆದುಕೊಂಡು ಒಂದು ದೀಪದಡಿ ಬಂದು ಕೂತರು. ಗ್ರಂಥಪಾಲಕಿ ಮೆಟ್ಟಿಲ ಬಳಿಗೂ ಇನ್ನು ನಾಲ್ಕು, ಸ್ವಲ್ಪ ಉದ್ದನೆಯವು, ಆಗಬಹುದೇ ಎಂದು ಕೇಳಿದರು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, "ಆಗತ್ತೆ, ಆದ್ರೆ ಅವಸರ ಮಾಡಬಾರದು" ಎಂದುಬಿಟ್ಟರು.

ಮನೆಗೆ ಹೋಗುವ ದಾರಿಯಲ್ಲಿ ಪಾತ್ರೆ ಅಂಗಡಿ ಹೊಕ್ಕರು. ಅತ್ತೆ ಉದ್ದನೆಯ ಡಬ್ಬಿಗಳನ್ನು ಒಂದೊಂದಾಗಿ ಸೊಸೆಯ ತಲೆಯ ಮೇಲೆ ತಲೆಕೆಳಗಾಗಿ ಹಿಡಿದು, ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅಂಗಡಿಯವನು ತಡೆಯಲಾರದೆ ಕೇಳಿದ, "ಏನು ಹಾಕಿಡೋಕೆ ಅಮ್ಮಾ? ಅಕ್ಕೀನಾ, ಹಿಟ್ಟಾ?"

"ಬೆಳಕು ಬೆಳೆಯೋಕಪ್ಪ," ಎಂದರು ಅತ್ತೆ. "ಇದಕ್ಕಿಂತ ಸ್ವಲ್ಪ ಬಾಯಿ ಅಗಲ ಇರೋದು ಇದ್ರೆ ಕೊಡು."