ಹಾರ್ನ್ ಅಂಗಡಿಯ ಮೇಲಿನ ಕೋಣೆ

ದಿಲ್‌ಸುಖ್‌ನಗರದ ಬಸ್ಸಿನ ರಸ್ತೆಗೆ ಮುಖ ಮಾಡಿ ರಾಮದಾಸನ ಹಾರ್ನ್ ಅಂಗಡಿ, ಅದರ ಮೇಲಿನ ಕೋಣೆಯಲ್ಲಿ ಅವನ ಸಂಸಾರ. ಆಟೋ, ಲಾರಿ, ಖಾಸಗಿ ಬಸ್ಸು, ಯಾರಿಗೆ ಎಂಥ ದನಿ ಬೇಕೋ ಅಂಥದು ಕೂಡಿಸಿಕೊಡುತ್ತಿದ್ದ. ಗಿರಾಕಿಯ ಎದುರು ಒದರಿಸಿ ತೋರಿಸದೆ ಒಂದನ್ನೂ ಮಾರಿದವನಲ್ಲ.

ಹೆಂಡತಿ ಅಂಬುಬಾಯಿಗೆ ಬಿ.ಪಿ. ಏರಿ, ಎದೆಬಡಿತ ತಾಳ ತಪ್ಪತೊಡಗಿದಾಗ ಹಿಮಾಯತ್‌ನಗರದ ದೀಪ್ತಿ ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು.

“ಗುಳಿಗಿ ಇಳಸಿದ್ದನ್ನ ನಿಮ್ಮ ಹಾರ್ನು ಮತ್ತ ಏರಸಾಕತ್ತೈತ್ರಿ. ಮೊದಲ ಆ ಮನಿ ಬಿಡ್ರಿ. ಇಲ್ಲಂದ್ರ ಈಕಿ ಉಳಿಯೋದು ಕಷ್ಟ.”

“ಆಕಿಗೆ ರೂಢಿ ಆಗೈತ್ರಿ. ಕೆಳಗ ಲಾರಿ ಹಾರ್ನ್ ಒದರಿದ್ರೂ ಮ್ಯಾಲ ಗೊರಕಿ ಹೊಡೀತಾಳ.”

“ರೂಢಿ ಕಿವಿಗೆ ಆಗತೈತ್ರಿ, ಎದಿಗೆ ಆಗಂಗಿಲ್ಲ. ಮಲಗಿದಾಗ ನಾಡಿ ಹಿಡದು ನೋಡ್ರಿ.”

ದಾರಿಯುದ್ದಕ್ಕೂ ರಾಮದಾಸ ಡಾಕ್ಟರರನ್ನು ಬೈದ. ಅಂಬುಬಾಯಿ ನಕ್ಕಳು. “ನಿಮ್ಮ ಹಾರ್ನಿಗಿಂತ ನಿಮ್ಮ ಬಾಯಿ ಜೋರ ಐತಿ. ಅದಕ್ಕೂ ಗುಳಿಗಿ ಕೇಳಬೇಕಿತ್ತು.”

ಭಾನುವಾರ ಅಂಗಡಿಗೆ ರಜೆ. ಊಟ ಮಾಡಿ ಅವಳು ಮಲಗಿದಳು. ಡಾಕ್ಟರರ ಮಾತು ಸುಳ್ಳು ಮಾಡಬೇಕೆಂದೇ ರಾಮದಾಸ ಪಕ್ಕದಲ್ಲಿ ಕುಳಿತು ಅವಳ ಮಣಿಕಟ್ಟು ಹಿಡಿದ. ನಾಡಿ ಮೆಲ್ಲಗೆ ನಡೆದಿತ್ತು.

ಕೆಳಗೆ ಒಂದು ಬಸ್ಸು ಒದರಿತು. ಅವಳ ರೆಪ್ಪೆ ಅಲುಗಲಿಲ್ಲ, ಗೊರಕೆ ಕಡಿಯಲಿಲ್ಲ. ಆದರೆ ಬೆರಳಡಿಯ ನಾಡಿ ಬಲೆಗೆ ಬಿದ್ದ ಮೀನಿನಂತೆ ಚಿಮ್ಮಿತು. ಆ ದನಿ ಅವನಿಗೆ ಗುರುತಿತ್ತು, ಕಳೆದ ದಸರೆಗೆ ಅವನೇ ಕೂಡಿಸಿದ್ದು. ಹಿಂದೆಯೇ ಒಂದು ಆಟೋ. ಅದರ ಹಾರ್ನೂ ಅವನದೇ. ಮತ್ತೆ ಚಿಮ್ಮಿತು. ಅಂಗಡಿಯ ಬಾಗಿಲು ಹಾಕಿದ್ದರೂ ಅವನು ಮಾರಿದ್ದೆಲ್ಲ ರಸ್ತೆಯ ಮೇಲೆ ಓಡಾಡುತ್ತಿತ್ತು. ಅಂಬುಬಾಯಿ ಮಗುವಿನಂತೆ ನಿದ್ದೆಯಲ್ಲಿದ್ದಳು. ಅವಳೊಳಗೆ ಮತ್ಯಾರೋ ಎಚ್ಚರವಿದ್ದರು. ಪ್ರತಿ ಹಾರ್ನಿಗೂ ಬೆಚ್ಚಿ ಎದ್ದು, ಕತ್ತಲಲ್ಲಿ ಬಾಗಿಲು ಹುಡುಕುತ್ತಿದ್ದರು.

ರಾಮದಾಸ ಅವಳನ್ನು ಅಲುಗಿಸಿ ಎಬ್ಬಿಸಿದ.

“ಏಳು. ಕುಷಾಯಿಗೂಡದಾಗ ನಿಮ್ಮಕ್ಕನ ಮನಿಗೆ ಹೋಗೂಣು. ಅಲ್ಲೇ ಸನೇಕ ಮನಿ ಹಿಡಿಯೂಣು.”

“ಅಂಗಡಿ?”

“ಅಂಗಡಿ ಹಾಳಾಗಿ ಹೋಗ್ಲಿ. ನೀ ನಡಿ.”

ಅವಳು ಅವನ ಮುಖ ನೋಡಿ, ಎದ್ದು ಚೀಲ ತುಂಬಿದಳು.

ಸಿಕ್ಕ ಆಟೋದವನು ಹಳೆಯ ಗಿರಾಕಿ. ಕುಷಾಯಿಗೂಡದ ಗಲ್ಲಿಯಲ್ಲಿ ಮನೆ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದೆ ತಿರುಗಿ ಹಲ್ಲು ಬಿಟ್ಟ. ಬೇವಿನ ಗಿಡದ ಕೆಳಗೆ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ರಾಮದಾಸನ ಬೆರಳು ಇನ್ನೂ ಹೆಂಡತಿಯ ಮಣಿಕಟ್ಟಿನ ಮೇಲಿತ್ತು.

“ಸೇಠ್, ನೀವು ಹಾಕಿಕೊಟ್ಟ ಹಾರ್ನು ಇನ್ನೂ ಹೊಸದರ ಹಂಗ ಐತಿ. ಕೇಳ್ರಿ,” ಎಂದು ಹಾರ್ನಿನ ಗುಂಡಿ ಒತ್ತಲು ಹೆಬ್ಬೆರಳು ಎತ್ತಿದ.

“ಒತ್ತಬ್ಯಾಡ,” ಎಂದ ರಾಮದಾಸ. ಅವನ ದನಿಗೆ ಆಟೋದವನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು.

ಗಲ್ಲಿಯಲ್ಲಿ ಸದ್ದೇ ಇರಲಿಲ್ಲ. ಅಂಬುಬಾಯಿ ಅಕ್ಕನ ಬಾಗಿಲ ಕಡೆ ನೋಡಿ ನಗುತ್ತಿದ್ದಳು. ಅವನ ಬೆರಳಡಿ ನಾಡಿ ಚಿಮ್ಮಿತು. ಒದರದ ಹಾರ್ನಿಗೆ, ಒದರಿದಂತೆಯೇ ಪೂರ್ತಿ, ಅದರ ದನಿಯ ಕೊನೆಯ ಎಳೆತದವರೆಗೂ.