ನಾಗಿಯ ಕೊಪ್ಪಕ್ಕೆ ಹೋಗುವ ಮುನ್ನ

ಪ್ರವಾಸದ ಮಾತು ಬಂತೆಂದರೆ ತುಮಕೂರಿನ ಉಪ್ಪಾರಹಳ್ಳಿಯ ಹೆಂಗಸರ ನಾಲಿಗೆಗೆ ಬಿಡುವಿಲ್ಲ. ಎಂಬತ್ತಮೂರನೇ ಇಸವಿಯಲ್ಲಿ ಮಹಿಳಾ ಸಮಾಜದವರು ಬಸ್ಸು ಮಾಡಿಕೊಂಡು ಗೋಕರ್ಣಕ್ಕೆ ಹೊರಟಿದ್ದರು. ದೇವರಾಯಿತು, ಸಮುದ್ರವಾಯಿತು, ಮತ್ತೇನು ನೋಡುವುದು?

"ಅಂಕೋಲೆ ಕಡೆ ಮಣಿಸರದೋರ್ನ ನೋಡ್ಬೇಕು ಕಣ್ರೇ," ಎಂದಳು ಮಹಾಲಕ್ಷ್ಮಮ್ಮ. "ಕುತ್ಗೆ ತುಂಬ ಮಣಿ ಹಾಕ್ಕೊಂಡು, ರವಿಕೆ ಇಲ್ದೆ ಓಡಾಡ್ತಾರಂತೆ, ಹಾಡೂ ಹೇಳ್ತಾರಂತೆ. ಸಿದ್ದಗಂಗಮ್ಮ ಅಲ್ಲೇ ಇದ್ದೋಳಲ್ವಾ, ಕರ್ಕೊಂಡೋಗ್ತಾಳೆ ಬುಡು."

ಮಹಾಲಕ್ಷ್ಮಮ್ಮನ ಜಗಲಿಯ ಮೂಲೆಯಲ್ಲಿದ್ದ ಸಿದ್ದಗಂಗಮ್ಮನಿಗೆ ಅಂಕೋಲೆಯ ಮನೆಯ ಹೊಸ್ತಿಲು ನೆನಪಾಯಿತು.

ಗಂಡ ಅಂಕೋಲೆಯಲ್ಲಿ ಮೇಷ್ಟರಾಗಿದ್ದಾಗ ಆಕೆ ಅಲ್ಲಿ ಕೆಲವು ವರ್ಷ ಇದ್ದಳು. ಮಕ್ಕಳಿರಲಿಲ್ಲ. ಗಂಡ ಶಾಲೆಗೆ ಹೋದರೆ ಸಂಜೆಯವರೆಗೆ ಗೋಡೆಯೇ ಜೊತೆ. ಸೊಪ್ಪು ಮಾರಲು ಬರುತ್ತಿದ್ದ ನಾಗಿ ಎಂಬ, ಮಣಿಸರದ ಹಾಲಕ್ಕಿ ಬುಡಕಟ್ಟಿನ ಹೆಂಗಸು ಮಾತ್ರ ಬುಟ್ಟಿ ಇಳಿಸಿ ಹೊಸ್ತಿಲಲ್ಲಿ ಕೂರುತ್ತಿದ್ದಳು. ಗಂಡ ತೀರಿಕೊಂಡ ದಿನ ಪಕ್ಕದಲ್ಲಿ ಕೂತೇ ಇದ್ದವಳು ಅವಳೊಬ್ಬಳು.

ಈಗ ಉಪ್ಪಾರಹಳ್ಳಿಯ ಬಾಡಿಗೆ ಮನೆಯಲ್ಲಿ ಸಿದ್ದಗಂಗಮ್ಮ ಒಬ್ಬಳೇ. ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಕರೆದ ದಿನ ಮಾತುಂಟು, ಕರೆಯದ ದಿನ ಇಲ್ಲ. 'ಕರೆದೊಯ್ಯಲಾರೆ' ಎಂದರೆ ಈ ಜಗಲಿ ತಪ್ಪುತ್ತದೆ. ಕರೆದೊಯ್ದರೆ ನಾಗಿಯ ಮುಂದೆ ಮುಖವೆತ್ತುವುದು ಹೇಗೆ?

ಮಹಾಲಕ್ಷ್ಮಮ್ಮ ಒಳಗಿನಿಂದ ಒಂದು ಕಟ್ಟು ರವಿಕೆ ಕಣ ತಂದಿಟ್ಟಳು. "ನೋಡು, ಅವ್ರಿಗೇ ಅಂತ ತಂದಿದೀನಿ. ಪಾಪ, ಹಾಕ್ಕೊಳ್ಳಿ."

ಸಿದ್ದಗಂಗಮ್ಮ ಮಾತು ಹುಡುಕಿ ಹುಡುಕಿ ಹೇಳಿದಳು. "ಅಕ್ಕಾ, ರವಿಕೆ ಇಲ್ದಿರೋದು ಬಡತನಕ್ಕಲ್ಲ. ಅದು ಅವ್ರ ಉಡುಗೆ. ನಮ್ಮಲ್ಲಿ ಕಣ ಕೊಡೋದು ಮರ್ಯಾದೆ. ರವಿಕೆ ಹಾಕ್ದೇ ಇರೋರ್ಗೆ ಕೊಟ್ರೆ 'ಮೈ ಮುಚ್ಕೊ' ಅಂದಂಗಾಗುತ್ತೆ."

"ಓದ್ದೋಳಮ್ಮ ನೀನು! ಒಂದ್ ತುಂಡು ಬಟ್ಟೇಲೂ ತಪ್ಪು ಹುಡುಕ್ತೀಯ."

ಮಹಾಲಕ್ಷ್ಮಮ್ಮನ ಗಂಡ ಮೂಡಲಗಿರಿಯಪ್ಪ ಕ್ಯಾಮೆರಾ ಒರೆಸುತ್ತಿದ್ದ. "ಹೊಸಾ ರೀಲ್ ಹಾಕ್ಸಿದೀನಿ ಕಣಮ್ಮ. ನಾಕು ಫೋಟೋ ಹೊಡ್ಕೊಂಡ್ರೆ ಅವ್ರೇನು ಸವೆದೋಗ್ತಾರಾ?"

"ಮೊದ್ಲು ನಾನೊಬ್ಳೇ ಹೋಗಿ ಕೇಳ್ತೀನಿ. ಬನ್ನಿ ಅಂದ್ರೆ ಹೋಗೋಣ."

"ಕೇಳೋದೇನ್ ಬಂತು? ಬಾಗ್ಲಿಗೆ ಬಂದೋರ್ನ ಯಾರಾದ್ರೂ ಬೇಡ ಅಂತಾರಾ?" ಎಂದು ಮಹಾಲಕ್ಷ್ಮಮ್ಮ ನಕ್ಕಳು. ಆದರೂ ಒಪ್ಪಿದಳು.

ಗೋಕರ್ಣ ಮುಗಿಸಿ ಬಸ್ಸು ಅಂಕೋಲೆಯ ಕಡೆ ಹೊರಟಿತು. ಹಾಲಕ್ಕಿಯವರ ಮನೆಗಳಿರುವ ಜಾಗಕ್ಕೆ ಕೊಪ್ಪ ಎನ್ನುತ್ತಾರೆ. ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ, ಸಿದ್ದಗಂಗಮ್ಮ ಗದ್ದೆಯ ಬದುವಿನ ಮೇಲೆ ಒಬ್ಬಳೇ ನಡೆದಳು.

ನಾಗಿ ಅಂಗಳದಲ್ಲಿದ್ದಳು. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು ಹತ್ತಿರ ಬಂದು ಕೈ ಹಿಡಿದುಕೊಂಡಳು. ಆ ಕೈ ಬಿಡಿಸಿಕೊಂಡು ಬಸ್ಸಿನ ಮಾತೆತ್ತಲು ಸಿದ್ದಗಂಗಮ್ಮನಿಗೆ ಮನಸ್ಸಾಗಲಿಲ್ಲ. ಆದರೂ ಎಲ್ಲವನ್ನೂ ಹೇಳಿದಳು. ಹಾಡು ಕೇಳಬೇಕಂತೆ, ಫೋಟೋ ಬೇಕಂತೆ, ಮೂವತ್ತು ಜನ ಇದ್ದಾರೆ.

ನಾಗಿ ರಸ್ತೆಯ ಕಡೆ ನೋಡಿದಳು. "ಇಂದು ಬ್ಯಾಡ ತಂಗೀ. ನೀ ಬಂದದ್ದು ಚಲೋ ಆಯ್ತು. ಅವ್ರು ಬ್ಯಾಡ."

ಕಾರಣ ಹೇಳಲಿಲ್ಲ. ಸಿದ್ದಗಂಗಮ್ಮ ಕೇಳಲೂ ಇಲ್ಲ. "ಆಗ್ಲಿ," ಎಂದಳು. ಕೂತು ಮಾತಾಡುವಷ್ಟು ಹೊತ್ತಿರಲಿಲ್ಲ. ರಸ್ತೆಯಲ್ಲಿ ಡ್ರೈವರ್ ಹಾರನ್ ಹೊಡೆಯುತ್ತಿದ್ದ.

ಇವತ್ತು ಬೇಡವಂತೆ ಎಂದದ್ದೇ ಬಸ್ಸಿನಲ್ಲಿ ಗದ್ದಲವೆದ್ದಿತು.

"ನಾವೇನು ಕಿತ್ಕೊಂಡೋಗ್ತೀವಾ?"

"ಇಷ್ಟು ದೂರ ಬಂದಿದೀವಿ, ಐದು ನಿಮಿಷ ಅಂತ ಹೇಳ್ಬೇಕಾಗಿತ್ತು."

"ಇವ್ಳೇ ಬೇಡ ಅನ್ನಿಸಿರ್ಬೇಕು ಕಣ್ರೇ!"

ಸಿದ್ದಗಂಗಮ್ಮ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಯಾರೂ ಪಕ್ಕಕ್ಕೆ ಬರಲಿಲ್ಲ. ಕೊಪ್ಪದ ಹುಲ್ಲು ಮಾಡಿನ ಮನೆಗಳು ಮರಗಳ ಹಿಂದೆ ಮರೆಯಾದವು. ಅಲ್ಲೂ ಉಳಿಯಲಾಗಲಿಲ್ಲ, ಇಲ್ಲೂ ತನ್ನವರಿಲ್ಲ ಎನಿಸಿ ಕಿಟಕಿಯತ್ತ ಮುಖ ತಿರುಗಿಸಿಕೊಂಡಳು.

ಘಟ್ಟ ಹತ್ತುವಾಗ ಯಾರೋ ಬಂದು ಪಕ್ಕದಲ್ಲಿ ಕೂತರು. ಮಹಾಲಕ್ಷ್ಮಮ್ಮ.

"ನಮ್ಮತ್ತೆ ಹೋದಾಗ ಗುಬ್ಬೀಲಿರೋ ನಮ್ಮ ಹಳೇ ಮನೇಲಿ ಇನ್ನೂ ಸೂತಕ ಕಳ್ದಿರ್ಲಿಲ್ಲ ಕಣೇ. ಕಾರಲ್ಲಿ ಯಾರೋ ಬಂದ್ರು. ಹಳೇ ಕಾಲದ ಕಂಬ ನೋಡ್ತೀವಿ, ಐದೇ ನಿಮಿಷ ಅಂದ್ರು. ಅಡುಗೆಮನೆವರ್ಗೂ ನುಗ್ಗಿದ್ರು. ನನ್ನ ಕೈಲಿ ಒಲೆ ಹಚ್ಚಿಸಿ ಫೋಟೋ ತೆಗ್ದ್ರು. ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ ನಂಗೆ." ಸೆರಗಿನಿಂದ ಮೂಗೊರೆಸಿಕೊಂಡಳು. "ಕೊಪ್ಪದ ಆಯಮ್ಮ ಬೇಡ ಅಂದ್ಳು ನೋಡು. ಅಂದಿದ್ದೇ ಸರಿ."

ಆಮೇಲೆ ಮುಂದಿನ ಸೀಟಿನ ಕಡೆ ಕೂಗಿದಳು. "ಏನ್ರೀ, ಕಿಟ್ಕೀಲಿ ತೂರ್ಕೊಂಡು ದಾರೀಲೋಗೋ ಹೆಂಗಸ್ರ ಫೋಟೋ ಹೊಡೀಬೇಡಿ! ಕ್ಯಾಮ್ರಾ ಒಳಗಿಡಿ!"

"ಇಟ್ಟೆ ಕಣೇ, ಇಟ್ಟೆ," ಎಂದ ಮೂಡಲಗಿರಿಯಪ್ಪ. "ನನ್ ರೀಲು ನಿಮ್ ಮೂತಿಗಳ್ನ ತೆಗ್ಯೋಕೇ ಆಯ್ತು!"

ಬಸ್ಸಿನಲ್ಲಿ ಒಂದಿಬ್ಬರು ನಕ್ಕರು. ಸಿದ್ದಗಂಗಮ್ಮ ನಗಲಿಲ್ಲ. ಆದರೆ ಮಹಾಲಕ್ಷ್ಮಮ್ಮನಿಗೆ ಜಾಗವಾಗಲೆಂದು ಇನ್ನಷ್ಟು ಸರಿದು ಕೂತಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವೂ ಕರಾವಳಿಗೆ ಹೋಗುವವರೇ. ಅಲ್ಲಿನ ಮೂಲ ನಿವಾಸಿಗಳ ಕೇರಿ, ಕೊಪ್ಪಗಳು ದಾರಿಯಲ್ಲಿ ಸಿಗುತ್ತವೆ. ಅವು ಪ್ರದರ್ಶನದ ಮಳಿಗೆಗಳಲ್ಲ, ಅಲ್ಲಿ ಯಾರದೋ ಒಲೆ ಉರಿಯುತ್ತಿರುತ್ತದೆ. ಬಸ್ಸಿನ ಜನವೆಲ್ಲ ಒಮ್ಮೆಗೇ ನುಗ್ಗಬೇಡಿ. ಗುರುತಿದ್ದವರ ಮೂಲಕ ಮೊದಲು ಕೇಳಿ. ಅವರ ಉಡುಗೆಯನ್ನು ತಿದ್ದಲು ಹೋಗಬೇಡಿ, ಮಣಿಸರ ಮುಟ್ಟಿ ನೋಡಬೇಡಿ, ಅವರು ಒಪ್ಪದೆ ಫೋಟೋ ತೆಗೆಯಬೇಡಿ. ಹಾಡಿದರೆ ಕೂತು ಕೇಳಿ. ಹಾಡದಿದ್ದರೆ ಹಾಡಿಸಬೇಡಿ. 'ಇವತ್ತು ಬೇಡ' ಎಂದರೆ, ಏಕೆಂದು ಪೀಡಿಸದೆ ನಮಸ್ಕಾರ ಹೇಳಿ ಹೊರಡಿ. ಕೇಳುವುದೆಂದರೆ ಬೇಡ ಎನ್ನಿಸಿಕೊಳ್ಳಲೂ ಸಿದ್ಧರಾಗಿರುವುದು.