ಚಟ್ನಿಯ ವರದಿ

ದೊಡ್ಡವರಿಗೆ ಪಾಠ ಹೇಳುವುದರಲ್ಲಿ ನನ್ನನ್ನು ಬಿಟ್ಟರೆ ಇಲ್ಲ ಎಂಬ ಜಂಬ ನನಗಿತ್ತು. ಇತ್ತು ಎಂದೇ ಹೇಳಬೇಕು. ಮೋನಪ್ಪಣ್ಣನ ವಿಷಯ ಆದಮೇಲೆ ಅದು ಇಳಿದುಹೋಗಿದೆ.

ನಾನು ಪಾವನಾ, ತುಮಕೂರು ಕಡೆಯವಳು. ಆಹಾರ ವಿಜ್ಞಾನ ಓದಿದ್ದೇನೆ. ಗಂಡನಿಗೆ ಪೆರುಂಗುಡಿಯಲ್ಲಿ ಕೆಲಸ ಸಿಕ್ಕಿ ಚೆನ್ನೈಗೆ ಬಂದಮೇಲೆ ಎರಡು ವರ್ಷ ಮನೆಯಲ್ಲಿ ಕೂತು ಕೂತು ಸಾಕಾಗಿ, ಹೋಟೆಲ್ ಮಾಲೀಕರ ಸಂಘವೊಂದು ನಡೆಸುವ ತರಬೇತಿಗೆ ಟೀಚರಾಗಿ ಸೇರಿಕೊಂಡೆ. ದೊಡ್ಡ ಅಡುಗೆಮನೆ ಇರುವ ಹೋಟೆಲುಗಳಲ್ಲಿ ಶುಚಿತ್ವದ ಪರೀಕ್ಷೆ ಪಾಸಾದ ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ಲೈಸೆನ್ಸಿಗೆ ತಕರಾರು. ಹಾಗಾಗಿ ಪ್ರತಿ ಧಣಿಯೂ ಒಬ್ಬಿಬ್ಬರನ್ನು ಕಳಿಸುತ್ತಿದ್ದರು. ಧಣಿಗಳೂ ಕೆಲಸದವರೂ ಹೆಚ್ಚಾಗಿ ಉಡುಪಿ, ಪುತ್ತೂರು ಕಡೆಯವರಾದ್ದರಿಂದ ಕನ್ನಡದಲ್ಲಿ ಪಾಠ ಹೇಳುವವರು ಬೇಕಾಗಿತ್ತು.

ತರಗತಿ ಪೆರಂಬೂರಿನಲ್ಲಿ, ಸಂಘದ ಮಹಡಿಯ ಹಾಲಿನಲ್ಲಿ, ಮಧ್ಯಾಹ್ನ ಮೂರರಿಂದ ಐದು. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಈ ಜನಕ್ಕೆ ಸಿಗುವುದೇ ಆ ಎರಡು ಗಂಟೆಯ ನಿದ್ದೆ. ಅದನ್ನೂ ಕಿತ್ತುಕೊಂಡು ನಾವು ಬ್ಯಾಕ್ಟೀರಿಯಾದ ಚಿತ್ರ ತೋರಿಸುತ್ತಿದ್ದೆವು. ಮೊದಲ ವಾರ ಇಪ್ಪತ್ತೆರಡು ಜನರೂ ಕೂತಲ್ಲೇ ತೂಕಡಿಸಿದರು. ಒಬ್ಬರು ಗೊರಕೆಯನ್ನೂ ಹೊಡೆದರು. ನನಗೆ ಮೈ ಉರಿಯಿತು. ಕೋಪ ಅವರ ಮೇಲಲ್ಲ, ನನಗೆ ಕೊಟ್ಟ ಆ ದರಿದ್ರ ಸ್ಲೈಡುಗಳ ಮೇಲೆ.

ಎರಡನೆಯ ವಾರ ಪ್ರೊಜೆಕ್ಟರ್ ಆರಿಸಿಬಿಟ್ಟೆ. ಕೆಳಗಿನ ಹೋಟೆಲಿನಿಂದ ಒಂದು ಪಾತ್ರೆ ಸಾಂಬಾರ್ ತರಿಸಿ ಮೇಜಿನ ಮೇಲಿಟ್ಟು, ಕುದಿಯುವ ನೀರಿಗೆ ನೂರು ಅಂತಾದರೆ ಇದಕ್ಕೆ ಎಷ್ಟು ಎಂದು ಕೇಳಿದೆ. ಕೊನೆಯ ಸಾಲಿನಿಂದ ಐವತ್ತನಾಲ್ಕು ವರ್ಷದ ಮೋನಪ್ಪಣ್ಣ ಎದ್ದು ಬಂದರು. ಪೆರಂಬೂರಿನಲ್ಲೇ ಇರುವ ಹರಿದಾಸರೆಂಬ ಧಣಿಯ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಸಾಂಬಾರ್, ಚಟ್ನಿ ಅವರದೇ. ಪಾತ್ರೆಯ ಮೇಲೆ ಅಂಗೈ ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿ, ಎಂಬತ್ತು ಎಂದರು. ಥರ್ಮಾಮೀಟರ್ ಅದ್ದಿದೆ. ಎಂಬತ್ತೊಂದು.

ತರಗತಿಗೆ ತರಗತಿಯೇ ಎದ್ದು ಕೂತಿತು. ಆಮೇಲೆ ಎಲ್ಲರಿಗೂ ಕೈ ಹಿಡಿದು ನೋಡುವ ಆಸೆ, ಎಲ್ಲರಿಗೂ ಪಂದ್ಯದ ಹುಚ್ಚು. ಅಂದಿನಿಂದ ನಾನು ಪಾಠ ಹೇಳುವುದನ್ನು ಬಿಟ್ಟೆ, ಕೇಳುವುದನ್ನು ಹಿಡಿದೆ. ಹಿಟ್ಟು ಯಾಕೆ ಹುಳಿಯುತ್ತದೆ, ಮೊಸರು ಯಾಕೆ ಕೆಡುತ್ತದೆ, ಎಲ್ಲ ಅವರ ಬಾಯಿಂದಲೇ ಬರುತ್ತಿತ್ತು. ನಾನು ಅದಕ್ಕೆ ಪುಸ್ತಕದ ಹೆಸರು ಕೊಡುತ್ತಿದ್ದೆ, ಅಷ್ಟೇ. ಬೇರೊಂದು ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಗುಣವತಿ ಎರಡೂವರೆಗೇ ಬಂದು ಮುಂದಿನ ಸಾಲಿನಲ್ಲಿ ಜಾಗ ಹಿಡಿಯುತ್ತಿದ್ದಳು.

ಮೋನಪ್ಪಣ್ಣ ಪುತ್ತೂರಿನ ಹತ್ತಿರದ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದ್ದವರು. ಹದಿನಾಲ್ಕಕ್ಕೆ ಚೆನ್ನೈಗೆ ಬಂದಮೇಲೆ ಸಹಿ ಬಿಟ್ಟು ಬೇರೇನನ್ನೂ ಬರೆದವರಲ್ಲ. ಈಗ ಒಂದು ನೋಟ್‌ಬುಕ್ ಕೊಂಡರು. ಒಂದು ದಿನ ಹಿಂಜರಿಯುತ್ತಲೇ ಬಂದು, ಥರ್ಮಾಮೀಟರನ್ನು ಎರಡು ದಿನದ ಮಟ್ಟಿಗೆ ಕೊಡಬಹುದೇ ಎಂದು ಕೇಳಿದರು. ಕೊಟ್ಟೆ. ಅದೇ ವಾರ ನಾನು ಎಲ್ಲರಿಗೂ ಹೋಂವರ್ಕ್ ಕೊಟ್ಟಿದ್ದೆ: ನಿಮ್ಮ ನಿಮ್ಮ ಅಡುಗೆಮನೆಯ ಒಂದು ತಪ್ಪು ಹುಡುಕಿ ಬರೆದು ತನ್ನಿ.

ಉಳಿದವರು ಚಿಲ್ಲರೆ ತಪ್ಪುಗಳನ್ನು ತಂದರು. ಮುಚ್ಚಳವಿಲ್ಲದ ಕಸದ ಡಬ್ಬಿ, ಒದ್ದೆ ಬಟ್ಟೆ, ಉದ್ದ ಉಗುರು. ಮೋನಪ್ಪಣ್ಣ ಎರಡು ಪುಟ ಬರೆದಿದ್ದರು. ಎದ್ದು ನಿಂತು, ಪ್ರತಿ ಅಕ್ಷರಕ್ಕೂ ಬೆರಳಿಟ್ಟು ಓದಿದರು. ಬೆಳಿಗ್ಗೆ ಆರಕ್ಕೆ ಅರೆದ ಕಾಯಿಚಟ್ನಿ ಎಂಟಕ್ಕೆ ಇಷ್ಟು ಡಿಗ್ರಿ, ಹತ್ತಕ್ಕೆ ಇಷ್ಟು. ಹನ್ನೊಂದಕ್ಕೆ ಉಳಿದದ್ದನ್ನು ಬಿಸಾಡದೆ ಹೊಸತಕ್ಕೆ ಬೆರೆಸಿದ್ದು. ಐದೂವರೆಗೆ ಅದರಲ್ಲಿ ಉಳಿದದ್ದನ್ನು ಸಂಜೆಯದಕ್ಕೆ ಬೆರೆಸಿದ್ದು. ಕೊನೆಯ ಸಾಲುಗಳು ನನಗೆ ಬಾಯಿಪಾಠ ಬರುತ್ತವೆ. "ಮೂವತ್ತು ವರ್ಷದಿಂದ ಹೀಗೆಯೇ. ಬೆರೆಸುವ ಕೈ ನನ್ನದು. ಇದು ತಪ್ಪು ಅಂತ ಈಗ ಗೊತ್ತಾಯಿತು."

ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ಕೂತಮೇಲೆ ಮೋನಪ್ಪಣ್ಣ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. "ಇಷ್ಟು ವರ್ಷ ಕೈ ಕೆಲ್ಸ ಮಾಡಿದ್ದು ಟೀಚರ್," ಎಂದರು, "ಈಗ ನಾನು ಮಾಡಿದ ಹಾಗೆ ಆಯ್ತು."

ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಸುಮ್ಮನಿರುವ ಜಾಯಮಾನ ನನ್ನದಲ್ಲ. ಆ ಎರಡು ಪುಟಗಳ ಫೋಟೋ ತೆಗೆದು, "ಐವತ್ತನಾಲ್ಕರಲ್ಲೂ ಕಲಿಯುವ ಹುಮ್ಮಸ್ಸು ನೋಡಿ, ಮುಂದಿನ ತಂಡಕ್ಕೆ ಹೆಸರು ಕೊಡಿ" ಎಂದು ಬರೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ಧಣಿಗಳೆಲ್ಲ ಇದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ನೋಡಲಿ ಎಂದೇ ಹಾಕಿದ್ದು. ಹೆಮ್ಮೆ ಪಡುತ್ತಾರೆ ಎಂದುಕೊಂಡಿದ್ದೆ. ಪುಟದ ತಲೆಯ ಮೇಲೆ ಹೆಸರು, ಹೋಟೆಲು, ತಾರೀಕು ದುಂಡಗೆ ಕಾಣುತ್ತಿದ್ದವು. ಹಾಗೆ ಬರೆಯಬೇಕೆಂದು ಹೇಳಿಕೊಟ್ಟವಳೂ ನಾನೇ.

ಅರ್ಧ ಗಂಟೆಯಲ್ಲಿ ಸಂಘದ ಕಾರ್ಯದರ್ಶಿ ಫೋನ್ ಮಾಡಿ ತೆಗೆಯಲು ಹೇಳಿದರು. ತೆಗೆದೆ. ಅಷ್ಟರಲ್ಲಿ ಅದು ಗುಂಪಿನಿಂದ ಗುಂಪಿಗೆ ಹಾರಿ, ಯಾರೋ ಕೆಳಗೆ ತಮಿಳಿನಲ್ಲಿ ಅರ್ಥವನ್ನೂ ಬರೆದು, ಪೆರಂಬೂರಿನ ಗಿರಾಕಿಗಳ ಮೊಬೈಲಿಗೆಲ್ಲ ತಲುಪಿತ್ತು.

ಪರೀಕ್ಷೆಗೆ ಎರಡು ದಿನ ಇತ್ತು. ಹರಿದಾಸರು ಮೋನಪ್ಪಣ್ಣನಿಗೆ ಒಂದು ಮಾತೂ ಆಡಲಿಲ್ಲವಂತೆ. ಪರೀಕ್ಷೆಯ ದಿನ ರಜೆಯನ್ನೂ ಕೊಟ್ಟರು. ಬಿರುಗಾಳಿ ಹಾಗೇ ದಾಟಿಹೋಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಫಲಿತಾಂಶ ಬಂದಾಗ ಇಡೀ ತಂಡಕ್ಕೆ ಮೋನಪ್ಪಣ್ಣ ಮೊದಲಿಗರು. ಸರ್ಟಿಫಿಕೇಟುಗಳು ನೇರವಾಗಿ ಹೋಟೆಲುಗಳಿಗೆ ಹೋದವು. ಅದು ಕೈ ಸೇರಿದ ಮರುದಿನ ಬೆಳಿಗ್ಗೆ ಹರಿದಾಸರು ಮೋನಪ್ಪಣ್ಣನನ್ನು ಕೆಲಸದಿಂದ ತೆಗೆದರು. ಮಲಗುತ್ತಿದ್ದ ಮಹಡಿಯ ಕೋಣೆಯನ್ನೂ ಅಂದೇ ಖಾಲಿ ಮಾಡಿಸಿದರು. ಇದನ್ನು ನನಗೆ ಹೇಳಿದವಳು ಗುಣವತಿ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ಆಟೋ ಹಿಡಿದು ಹರಿದಾಸರ ಹೋಟೆಲಿಗೆ ಹೋದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ, ದೇವರ ಪಟಗಳ ಪಕ್ಕದಲ್ಲಿ, ಮೋನಪ್ಪಣ್ಣನ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ನೇತುಹಾಕಿದ್ದರು. ಹರಿದಾಸರು ನನಗೆ ಕಾಫಿ ತರಿಸಿದರು. ಫೋಟೋ ಹಾಕಿದ್ದು ನಾನು, ಶಿಕ್ಷೆ ಮೋನಪ್ಪಣ್ಣನಿಗೆ ಯಾಕೆ ಎಂದು ಕೇಳಿದೆ.

"ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಮೇಡಂ," ಎಂದರು ಹರಿದಾಸರು. "ನೀವು ಹೊರಗಿನವ್ರು. ಅವ ಮೂವತ್ತು ವರ್ಷ ಇಲ್ಲೇ ಉಂಡವ. ಚಟ್ನಿ ಸರಿ ಇಲ್ಲ ಅಂತ ನನ್ನ ಕಿವಿಯಲ್ಲಿ ಹೇಳ್ಬಹುದಿತ್ತಲ್ಲ? ಕಾಗದದಲ್ಲಿ ಯಾಕೆ ಬರ್ದ?"

ಬರೆಯಿಸಿದವಳು ನಾನು ಎಂದೆ. ಅವರು ತಲೆಯಾಡಿಸಿ, ಎದುರು ನಿಂತ ಗಿರಾಕಿಗೆ ಬಿಲ್ ಕೊಡತೊಡಗಿದರು. ಮೋನಪ್ಪಣ್ಣನ ಸರ್ಟಿಫಿಕೇಟನ್ನಾದರೂ ಕೊಡಿ ಎಂದು ಕೇಳಿದೆ. ಲೈಸೆನ್ಸ್ ಆಗುವವರೆಗೆ ಅಸಲು ಇಲ್ಲೇ ಇರಬೇಕು, ಬೇಕಾದರೆ ನಕಲು ತೆಗೆದುಕೊಳ್ಳಿ ಎಂದರು. ನನಗೆ ಆ ಚೌಕಟ್ಟನ್ನು ಕಿತ್ತು ನೆಲಕ್ಕೆ ಬಡಿಯಬೇಕು ಅನ್ನಿಸಿತು. ಬಡಿಯಲಿಲ್ಲ. ನಕಲು ತೆಗೆದುಕೊಂಡು ಬಂದೆ.

ಬೇರೆ ಹೋಟೆಲಿನವರು ಯಾರೂ ಮೋನಪ್ಪಣ್ಣನನ್ನು ಸೇರಿಸಿಕೊಳ್ಳಲಿಲ್ಲ. ನಾನೇ ಏಳೆಂಟು ಕಡೆ ಫೋನ್ ಮಾಡಿದೆ. ಹೆಸರು ಹೇಳಿದ ಕೂಡಲೇ, ಓ ಆ ಬರೆದವನಾ ಎನ್ನುತ್ತಿದ್ದರು. ಮೋನಪ್ಪಣ್ಣನ ಸ್ವಂತ ಫೋನು ಸ್ವಿಚ್ ಆಫ್. ಎರಡು ತಿಂಗಳಾದಮೇಲೆ ಗುಣವತಿಯೇ ಸುದ್ದಿ ತಂದಳು: ತಿರುವೊಟ್ಟಿಯೂರಿನ ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಕಾಂಟ್ರಾಕ್ಟರನ ಕೈಕೆಳಗೆ ಇದ್ದಾರಂತೆ.

ಒಂದು ಶನಿವಾರ ಮಧ್ಯಾಹ್ನ ಹೋದೆ. ಹಿಂಬಾಗಿಲಿನಲ್ಲಿ ಹೇಳಿಕಳಿಸಿದಾಗ ಮೋನಪ್ಪಣ್ಣ ಒದ್ದೆ ಕೈಯಲ್ಲೇ ಬಂದರು. ತುಂಬ ಇಳಿದುಹೋಗಿದ್ದರು. ಊಟ ಆಯಿತಾ ಎಂದು ಮೊದಲು ಅವರೇ ಕೇಳಿದರು. ನನ್ನಿಂದ ತಪ್ಪಾಯಿತು ಎಂದೆ.

"ನೀವು ಚೆಂದ ಕಲಿಸಿದ್ರಿ ಟೀಚರ್," ಎಂದರು. "ಅದೇ ಈಗ ಕಷ್ಟ ಆದದ್ದು. ಮೊದ್ಲು ಬೆರೆಸುವಾಗ ನಂಗೆ ಏನೂ ಅನಿಸ್ತಿರ್ಲಿಲ್ಲ. ಇಲ್ಲಿಯೂ ಬೆರೆಸುದೇ. ಆದ್ರೆ ಈಗ ಎಷ್ಟು ಗಂಟೆ ಆಯ್ತು ಅಂತ ಲೆಕ್ಕ ಹೋಗ್ತಾ ಇರ್ತದೆ. ಇಲ್ಲಿ ದಿನಾ ನಾನೂರು ಜನ ಉಣ್ಣುದು."

ನಾನು ಚೀಲದಿಂದ ಸರ್ಟಿಫಿಕೇಟಿನ ನಕಲು ತೆಗೆದೆ. ಅವರು ಒಮ್ಮೆ ಹಿಂದೆ ತಿರುಗಿ ನೋಡಿ, ಅದನ್ನು ನನ್ನ ಕೈಯಿಂದ ತೆಗೆದು ಮಡಚಿ, ತಾವೇ ನನ್ನ ಚೀಲದೊಳಗೆ ಇಟ್ಟರು.

"ಓದು ಬರುದಿಲ್ಲ ಅಂತ ಹೇಳಿ ಸೇರಿದ್ದು ಇಲ್ಲಿ," ಎಂದರು ಮೆಲ್ಲಗೆ. "ಓದು ಬರುವವ್ರನ್ನು ಇವ್ರು ತೆಕ್ಕೊಳ್ಳುದಿಲ್ಲ."

ಅಷ್ಟರಲ್ಲಿ ಮೇಸ್ತ್ರಿ ಹಾಜರಿ ಪುಸ್ತಕ ಹಿಡಿದು ಬಂದ. ಯಾರು ಇವರು ಎಂದು ತಮಿಳಿನಲ್ಲಿ ಕೇಳಿದ. ತಂಗಿಯ ಮಗಳು ಎಂದು ಮೋನಪ್ಪಣ್ಣ ತಮಿಳಿನಲ್ಲೇ ಹೇಳಿದರು. ಪುಸ್ತಕದ ಜೊತೆ ದಾರ ಕಟ್ಟಿದ ಪೆನ್ನೂ ಇತ್ತು. ಮೇಸ್ತ್ರಿ ಅದನ್ನು ಪಕ್ಕಕ್ಕೆ ಸರಿಸಿ ಶಾಯಿಯ ಡಬ್ಬಿ ತೆರೆದ. ಮೋನಪ್ಪಣ್ಣ ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಯಾವ ಸಾಲಿನಲ್ಲಿ ಒತ್ತಬೇಕೆಂದು ಅವನನ್ನೇ ಕೇಳಿದರು. ಅವನು ತೋರಿಸಿದ ಕಡೆ ಒತ್ತಿದರು.

ತಂಗಿಯ ಮಗಳಾ ಎಂದು ಮೇಸ್ತ್ರಿ ನನ್ನನ್ನು ಇನ್ನೊಮ್ಮೆ ಕೇಳಿದ. ನಾನು ಹೌದೆಂದೆ.